ತಿಮ್ಮಣ್ಣನ ಹೆಗಲ ಮೇಲೆ ಇಲ್ಲದ ಬಟ್ಟೆ

ನಮ್ಮ ಕಡೆ ಮೆಕ್ಯಾನಿಕ್ಕು ಅಂದರೆ ಮೊದಲು ಕಣ್ಣಿಗೆ ಬೀಳುವುದು ಹೆಗಲ ಮೇಲಿನ ಒರೆಸೋ ಬಟ್ಟೆ. ತಿಮ್ಮಣ್ಣನ ಹೆಗಲ ಮೇಲೆ ಅದೊಂದು ಇರಲಿಲ್ಲ. ಕೈಗೆ ಮಸಿಯಾದರೆ ಬದುವಿನ ಮಣ್ಣು ತೆಗೆದು ತಿಕ್ಕಿಕೊಳ್ಳುತ್ತಿದ್ದ. ಇಲ್ಲದಿದ್ದರೆ ಹಾಗೇ ಊಟಕ್ಕೆ ಕೂತು ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದ.

ಅಕ್ಕಿಹೆಬ್ಬಾಳಿನಲ್ಲಿ ಅವನದು ನಮ್ಮ ಪಕ್ಕದ ಮನೆ. ಇಪ್ಪತ್ತು ವರ್ಷ ದೂರದ ಊರೊಂದರಲ್ಲಿ ವಿಮಾನದ ಮೆಕ್ಯಾನಿಕ್ಕಾಗಿದ್ದ. ದೊಡ್ಡ ವಿಮಾನವಲ್ಲ, ಹದಿನೈದಿಪ್ಪತ್ತು ಜನ ಕೂರುವ, ರೆಕ್ಕೆಗೊಂದು ಫ್ಯಾನಿರುವ ಪುಟ್ಟದ್ದು. "ನಮ್ ಕೆ.ಆರ್.ಪೇಟೆ ಮಿನಿ ಬಸ್ ಇದ್ದಂಗೆ ಕಣ್ಲಾ, ಟಾಪ್ ಮ್ಯಾಲೆ ಕೂರಾಕಾಗಾಕಿಲ್ಲ ಅಷ್ಟೇಯ," ಅನ್ನುತ್ತಿದ್ದ. ಅಂಥದ್ದೊಂದು ವಿಮಾನ ಬಿದ್ದ ಮೇಲೆ, ವಿಚಾರಣೆ ಮುಗಿಯುವ ತನಕ ಬರಬೇಡ ಅಂತ ಕಂಪನಿಯವರು ಅವನನ್ನು ಊರಿಗೆ ಕಳಿಸಿದ್ದರು.

ಆ ದಿನಗಳಲ್ಲೇ ಗದ್ದೆ ಉಳುವ ನನ್ನ ಟಿಲ್ಲರಿನಿಂದ ಎಣ್ಣೆ ಸೋರತೊಡಗಿತು. ನಾನು ಹಳೇ ಪಂಚೆ ಚೂರು ತಗೊಂಡು ಒರೆಸಲು ಬಗ್ಗಿದೆ. ತಿಮ್ಮಣ್ಣ ಬಂದವನೇ ನನ್ನ ಮಣಿಕಟ್ಟು ಹಿಡಿದುಕೊಂಡ.

"ಒರೆಸ್ಬ್ಯಾಡ ಕಣ್ಲಾ. ಎಲ್ಲಿಂದ ಬತ್ತಾ ಐತೆ ನೋಡು ಮೊದ್ಲು. ಒರೆಸ್ಬುಟ್ರೆ, ಅದು ಏನ್ ಯೋಳಾಕ್ ಬಂತು ಅಂತ್ಲೇ ಗೊತ್ತಾಗಾಕಿಲ್ಲ."

ಎಣ್ಣೆಯ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅರ್ಧ ಗಂಟೆ ಇಂಜಿನ್ ಓಡಿಸಿ, ಗೆರೆ ದಾಟಿ ಎಷ್ಟು ದೂರ ಹೋಯಿತೆಂದು ನೋಡುತ್ತಾ ಕುಕ್ಕರಗಾಲಲ್ಲಿ ಕೂತ. ನನ್ನ ಹೆಂಡತಿ ಬಾಗಿಲಿಂದಲೇ, "ನಿಮ್ಮಣ್ಣ ಟಿಲ್ಲರ್‌ಗೂ ರಂಗೋಲಿ ಬುಡ್ತಾವ್ರೆ ನೋಡಿ," ಎಂದಳು. ಅವನು ನಗಲಿಲ್ಲ. ಬಿರುಕು ಬಿಟ್ಟ ಪೈಪು ಸಿಕ್ಕಿತು.

ಒಂದು ಮಧ್ಯಾಹ್ನ, ಹೇಮಾವತಿ ದಡದಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದಾಗ, ಕೇಳದೆಯೇ ಹೇಳಿದ.

"ಎಡಗಡೆ ಇಂಜಿನ್ ಕೆಳಗೆ ಎಣ್ಣೆ ಇಳಿದಿತ್ತು. ಬೆರಳಗಲ. ಬಿಚ್ಚಿ ನೋಡಾಕೆ ಎಲ್ಡ್ ಗಂಟೆ ಬೇಕಿತ್ತು. ಜನ ಆಗ್ಲೇ ಬ್ಯಾಗ್ ಇಡ್ಕಂಡು ಸಾಲಲ್ಲಿ ನಿಂತವ್ರೆ. ಮ್ಯಾನೇಜರ್ರು ಬಂದು, 'ಕಿಟಕೀಲಿ ಕೂತೋರು ಕಂಡ್ರೆ ಎದ್ರುಕತಾರೆ, ಒರೆಸ್ಬುಡು, ಸಾಯಂಕಾಲ ನೋಡಾನ' ಅಂದ. ಒರೆಸ್ದೆ. ಬುಕ್ಕಲ್ಲಿ ಎಲ್ಲಾ ಸರಿಯಾಗೈತೆ ಅಂತ ಬರ್ದು ರುಜು ಆಕ್ದೆ. ಪೈಲಟ್ಟು ಒಂದು ಉಡ್ಗಿ. ಇಮಾನ ಆರಿಸೋಕ್ ಮುಂಚೆ ಸುತ್ತಾ ಬಂದು, ಆ ಇಂಜಿನ್ ಕೆಳೀಕೂ ಬಗ್ಗಿ ನೋಡ್ತು. ಫಳಫಳ ಅಂತಿತ್ತು. ನನ್ ಕಡೆ ನೋಡಿ ನಕ್ಬುಟ್ಟು ಮೆಟ್ಲತ್ತಿ ಒಳೀಕೋಯ್ತು."

ಇಳಿಯುವ ಹೊತ್ತಿಗೆ ಆ ಇಂಜಿನ್ನು ಕೈಕೊಟ್ಟಿತು. ವಿಮಾನ ಒಂದು ಕಡೆಗೆ ವಾಲಿ ಹೊಲಕ್ಕೆ ಬಿದ್ದು ಹೊತ್ತಿಕೊಂಡಿತು. ಅರ್ಧಕ್ಕರ್ಧ ಜನ ಹೋದರು, ಆ ಹುಡುಗಿಯೂ. ಇಂಜಿನ್ನೂ ಸುಟ್ಟಿದ್ದರಿಂದ ಎಣ್ಣೆ ಸೋರಿದ್ದಕ್ಕೆ ಗುರುತೇ ಉಳಿಯಲಿಲ್ಲ. ಅನುಭವವಿಲ್ಲದ ಪೈಲಟ್ಟು, ಅವಳದೇ ತಪ್ಪು ಅಂತ ಪೇಪರಿನಲ್ಲೆಲ್ಲ ಬಂತು. ಉಳಿದಿದ್ದ ಗುರುತು ಒಂದೇ: ತಿಮ್ಮಣ್ಣ ಅವತ್ತು ಒರೆಸಿದ ಬಟ್ಟೆ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಿದ್ದ.

ವಿಚಾರಣೆಗೆ ಬಾ ಎಂದು ಕಾಗದ ಬಂದಾಗ ನಾನು ಆಡಿದ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. "ಬಾಯಿ ಬುಟ್ರೆ ಲೈಸೆನ್ಸ್ ಓಗ್ತದೆ, ಜೈಲೇ ಆದ್ರೂ ಆಗ್ಬೋದು. ಎಲ್ಡ್ ಎಣ್ಮಕ್ಳವೆ. ಆ ಬಟ್ಟೆನ ಒಲೆಗಾಕ್ಬುಡಣ್ಣ," ಅಂದಿದ್ದೆ.

ಅವನು ಟ್ರಂಕಿನಿಂದ ಆ ಕವರು ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ, "ಅದೂ ಒರೆಸ್ದಂಗೇ ಅಲ್ವೇನ್ಲಾ?" ಅಂದ.

ಮಾರನೇ ದಿನ ಬೆಳಿಗ್ಗೆ ಕವರನ್ನು ಕಂಕುಳಲ್ಲಿ ಇಟ್ಟುಕೊಂಡು ರೈಲು ಹತ್ತಿದ. ವಾರ ಬಿಟ್ಟು ಬಂದ. ಸ್ಟೇಷನ್ನಿನಿಂದ ಮನೆಗೆ ನಡೆದು ಬರುವಾಗ ಕೇಳಿದೆ, ಏನಾಯ್ತಣ್ಣ ಅಂತ.

"ಬಟ್ಟೆ ಇಸ್ಕಂಡ್ರು. ಲೈಸೆನ್ಸೂ ಇಸ್ಕಂಡ್ರು. ಕೋರ್ಟಿಂದ ಕರೆ ಬತ್ತದಂತೆ." ನಾಲ್ಕು ಹೆಜ್ಜೆ ನಡೆದ ಮೇಲೆ, "ಆ ಉಡ್ಗಿ ಅವ್ವ ಬಂದಿದ್ರು ಕಣ್ಲಾ," ಅಂದ.

"ಏನಂದ್ರು?"

"ನಾನು ಯೋಳಿ ಮುಗಿಸೋಗಂಟ ನನ್ ಕೈನೇ ನೋಡ್ತಾ ಕೂತಿದ್ರು."

ಹುಡುಗಿಯ ಮೇಲಿನ ತಪ್ಪು ತೆಗೆದರು. ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು ಬಂತು. ತಿಮ್ಮಣ್ಣ ಊರಿನವರ ಪಂಪು, ಟಿಲ್ಲರು ರಿಪೇರಿ ಮಾಡಿಕೊಂಡು ಕೋರ್ಟಿನ ಕರೆ ಕಾಯುತ್ತಿದ್ದ. ಕರೆ ಬರುವ ಮೊದಲೇ, ಹೋದ ಕಾರ್ತೀಕದಲ್ಲಿ, ಯಾರದೋ ಪಂಪು ಬಿಚ್ಚಿ ಕೂತಿದ್ದಲ್ಲೇ ಎದೆ ಹಿಡಿದುಕೊಂಡು ಒರಗಿದವನು ಮತ್ತೆ ಏಳಲಿಲ್ಲ.

ಮೈ ತೊಳೆಸುವಾಗ ಹಿರಿಯರೊಬ್ಬರು, "ಕೈ ಎಲ್ಲಾ ಮಸಿ ಕಣಪ್ಪ, ಚೆನ್ನಾಗಿ ಒರೆಸು," ಎಂದು ಒದ್ದೆ ಬಟ್ಟೆ ಕೊಟ್ಟರು. ಒರೆಸಿದೆ. ಅಂಗೈಯದು ಹೋಯಿತು. ಉಗುರಿನ ಸಂದಿಯದು ಹೋಗಲಿಲ್ಲ. ಬಟ್ಟೆ ಕೆಳಗಿಟ್ಟೆ.