ಕೈ ಸವೆಯದ ಕುರ್ಚಿ

ಹಳೇ ಮರದ ಸಾಮಾನಿನ ಹುಚ್ಚು ನನಗೆ ಹಿಡಿದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ನಂಜನಗೂಡಿನಲ್ಲಿ ಟೀಚರಾಗಿದ್ದಾಗ. ನಮ್ಮ ಬೀದಿಯ ಆಚಾರಿ ಒಂದೇ ಒಂದು ಪಾಠ ಹೇಳಿಕೊಟ್ಟಿದ್ದರು: "ಪಾಲಿಶ್ ನೋಡ್ಬೇಡಿ ಮೇಡಂ, ಸವೆದಿರೋದ ನೋಡಿ. ಯಾರು ಎಂಗೆ ಕೂತಿದ್ರು ಅಂತ ಮರವೇ ಯೋಳ್ತದೆ." ಅಷ್ಟಕ್ಕೇ ನಾನು ಮಹಾ ಪಂಡಿತಳಾಗಿಬಿಟ್ಟೆ.

ತಿ. ನರಸೀಪುರದ ಹತ್ತಿರದ ಹಳ್ಳಿಯೊಂದರಲ್ಲಿ, ಹೊಸ ಸೋಫಾ ತಂದಿದ್ದ ಮನೆಯ ಸೊಸೆ ಅಟ್ಟದಲ್ಲಿದ್ದ ಬೀಟೆ ಮರದ ಕುರ್ಚಿ ಮಾರಿದಳು. ಕುರ್ಚಿಯ ಕೈಗಳು ಒಂಚೂರೂ ಸವೆದಿರಲಿಲ್ಲ. ಬೆನ್ನಿನ ಎರಡು ಕಂಬಗಳಲ್ಲಿ ಮಾತ್ರ, ಎದೆಯ ಮಟ್ಟಕ್ಕೊಂದು, ಹಣೆಯ ಮಟ್ಟಕ್ಕೊಂದು ನುಣುಪಾದ ಗೀರು. ಯಾರೋ ಟವಲ್ಲು ಕಟ್ಟಿ ಒಣಗಿಸುತ್ತಿದ್ದರು ಎಂದು ಪತ್ತೆ ಹಚ್ಚಿದೆ. "ಯಾರೂ ಕೂತೇ ಇಲ್ಲ, ಬಂಪರ್ ಹೊಡೀತು!" ಎಂದು ಆಚಾರಿಯ ಮುಂದೆ ಜಂಬ ಕೊಚ್ಚಿದೆ. ಅವರು ಕುರ್ಚಿಯನ್ನು ಒಂದು ಸುತ್ತು ಬಂದು, ಮುಟ್ಟದೆ ಹೊರಟುಹೋದರು.

ಅವ್ವನಿಗೆ ಆಗ ವಿಪರೀತ ಉಬ್ಬಸ. ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬು ಒರಗಿಸಿ ಒರಗಿಸಿ ನಾನು ಸೋತಿದ್ದೆ. ಆ ಕುರ್ಚಿಯಲ್ಲಿ ಕೂರಿಸಿದ್ದೇ ತಡ, ಉಸಿರು ಸರಾಗವಾಯಿತು, ನಿದ್ದೆಯೂ ಬಂತು. ಮುಂದಕ್ಕೆ ಜಾರಿಯಾಳು ಎಂದು ಹಳೇ ಸೀರೆಯ ಪಟ್ಟಿಯೊಂದನ್ನು ಅವಳ ಎದೆಗೆ ಸುತ್ತಿ ಹಿಂದೆ ಕಟ್ಟಿದೆ. ಬಟ್ಟೆ ತಾನಾಗಿಯೇ ಹೋಗಿ ಆ ಗೀರಿನೊಳಗೆ ಕೂತಿತು.

ಒಂದು ಬೆಳಿಗ್ಗೆ ಕುರ್ಚಿ ಮಾರಿದ ಆ ಮನೆಯ ಯಜಮಾನರು ಸೊಸೆಯಿಂದ ವಿಳಾಸ ಪಡೆದು ಹುಡುಕಿಕೊಂಡು ಬಂದರು. ನಡುಮನೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅವ್ವನನ್ನು ಕಂಡದ್ದೇ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದರು.

"ಯಾವಾಗ ಓಗ್ಬುಟ್ರು, ತಾಯಿ?"

"ಬಿಡ್ತು ಅನ್ನಿ! ನಿದ್ದೆ ಮಾಡ್ತಾ ಇದ್ದಾರೆ," ಎಂದು ರೇಗಿದೆ.

ಅವರು ಗಾಬರಿಯಿಂದ ಒಳಗೆ ಬಂದರು. "ಮೊದ್ಲು ಆ ಬಟ್ಟೆ ಬಿಚ್ಚವ್ವ. ನಮ್ಮನೇಲಿ ಎಣ ಕೂರ್ಸೋ ಕುರ್ಚಿ ಕಣವ್ವ ಅದು. ಎದೆಗೊಂದು, ಅಣೆಗೊಂದು ಕಟ್ತೀವಿ. ಸೊಸೆ ಗೊತ್ತಿಲ್ದೆ ಕೊಟ್ಬುಟ್ಟವ್ಳೆ. ಇವತ್ತು ನಮ್ಮತ್ಗೆ ಓಗ್ಬುಟ್ರು. ಅದ್ಕೇ ಓಡ್ಬಂದೆ."

ನಮ್ಮಲ್ಲೂ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವುದು. ಅಪ್ಪನನ್ನು ಗೋಡೆಗೆ ಒರಗಿಸಿ, ಹಣೆಗೆ ಬಟ್ಟೆ ಸುತ್ತಿ ಮೊಳೆಗೆ ಬಿಗಿದದ್ದನ್ನು ಕಣ್ಣಾರೆ ಕಂಡವಳು ನಾನು. ಅಂಥವಳಿಗೆ ಆ ಗೀರಿನಲ್ಲಿ ಟವಲ್ಲು ಕಂಡಿತಲ್ಲ! ಥೂ ನನ್ನ ಜನ್ಮಕ್ಕೆ.

ಓಡಿಹೋಗಿ ಗಂಟು ಬಿಚ್ಚತೊಡಗಿದೆ. ಅವ್ವ ಎಚ್ಚರವಾಗಿಯೇ ಇದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಪಟ್ಟಿ ಸಡಿಲವಾದ ಮೇಲೆ ಗೋಡೆ ಹಿಡಿದು ಎದ್ದು ನಿಂತಳು.

"ತಕ್ಕೊಂಡೋಗಣ್ಣ," ಎಂದಳು. "ಕೆಲ್ಸ ಮುಗುದ್ಮ್ಯಾಲೆ ತಂದ್ಬುಡು. ಅದ್ರಲ್ಲಿ ಕೂತ್ರೇನೇ ನಂಗೆ ಉಸ್ರು ಬರೋದು."

ಅವರು ನನ್ನ ಮುಖ ನೋಡಿದರು. ಬೇಡವೇ ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವನ ಎದೆ ಗೊರಗೊರ ಎನ್ನತೊಡಗಿತ್ತು.

"ಸಂಜೆಗೇ ತಂದ್ಕೊಡ್ತೀರಾ?" ಎಂದು ಕೇಳಿದೆ.