‘ಇವತ್ತು ನನ್ನಿಂದಾಗಲ್ಲ’ ಎಂದ ಪೈಲಟ್

ಅಪ್ಪ ಅಮ್ಮ ಇಟ್ಟ ಹೆಸರು ಅವನ ಸಮವಸ್ತ್ರದ ಎದೆಯ ಮೇಲೆ ಇತ್ತು, ಜನರ ಬಾಯಲ್ಲಿ ಮಾತ್ರ ಇರಲಿಲ್ಲ. ಕಂಪನಿಯ ಪೈಲಟ್‌ಗಳಿಗೆಲ್ಲ ಅವನು ನಿಧಾನಣ್ಣ. ಹೊರಡುವ ಮುಂಚೆ ಕೋ-ಪೈಲಟ್ ಚೆಕ್‌ಲಿಸ್ಟ್ ಓದುತ್ತಾ ಹೋದರೆ ಬೇರೆ ಕ್ಯಾಪ್ಟನ್‌ಗಳು ಕೂತಲ್ಲೇ ‘ಆಯ್ತು, ಆಯ್ತು’ ಎಂದು ಮುಗಿಸುವರು. ಇವನು ಹಾಗಲ್ಲ, ಒಂದೊಂದು ಸ್ವಿಚ್ಚಿನ ಮೇಲೂ ಬೆರಳಿಟ್ಟು, ಕಣ್ಣಿಟ್ಟು, ಆಮೇಲೆ ಬಾಯಿ ಬಿಡುವ ಆಸಾಮಿ.

“ಯಮ ಬಂದ್ರೂ ನಮ್ಮಣ್ಣ ಚೆಕ್‌ಲಿಸ್ಟ್ ಮುಗಿಸ್ದೆ ಹೊರಡಲ್ಲ” ಎಂದು ನಗುತ್ತಿದ್ದರು. ನಗುತ್ತಿದ್ದವರೇ ತಮ್ಮ ಹೆಂಡಿರು ಮಕ್ಕಳನ್ನು ವಿಮಾನ ಹತ್ತಿಸುವಾಗ ಮಾತ್ರ, “ಕ್ಯಾಪ್ಟನ್ ಯಾರು, ನಿಧಾನಣ್ಣನಾ?” ಎಂದು ಮೊದಲು ವಿಚಾರಿಸುತ್ತಿದ್ದರು.

ಪೈಲಟ್‌ಗಳಿಗೆ ಒಂದು ಮಾತಿನ ಹಕ್ಕಿತ್ತು. ದಣಿದವನು ಡ್ಯೂಟಿ ಆಫೀಸಿಗೆ ಫೋನ್ ಮಾಡಿ “ಇವತ್ತು ನನ್ನಿಂದಾಗಲ್ಲ” ಎಂದರೆ ಸಾಕು, ಯಾಕೆ ಏನು ಎಂದು ಯಾರೂ ಕೇಳುವಂತಿಲ್ಲ. ಬೇರೆಯವರನ್ನು ಕಳಿಸುತ್ತಿದ್ದರು. ಆ ಹಕ್ಕು ಸುಮ್ಮನೆ ಸಿಕ್ಕಿದ್ದಲ್ಲ. ನಿಧಾನಣ್ಣನಿಗೆ ಮೀಸೆ ಕಪ್ಪಗಿದ್ದ ಕಾಲದಲ್ಲಿ, ಯೂನಿಯನ್ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಅವನೂ ಅವನಂಥವರೂ ಕಂಪನಿಯ ಗೇಟಿನ ಮುಂದೆ ಬಿಸಿಲಲ್ಲಿ ಕೂತು ಗಳಿಸಿದ್ದು. ಲಾರಿ ಓಡಿಸುತ್ತಿದ್ದ ಅವನಪ್ಪ ಅಂದು ಹೇಳಿದ್ದ: “ನಮ್ಮ ಮಾಲೀಕ ಇಷ್ಟು ಕೊಟ್ಟಿದ್ರೆ ನನ್ನ ಜೊತೆಯವ್ರು ಅರ್ಧ ಜನ ಇನ್ನೂ ಬದುಕಿರ್ತಿದ್ರು ಕಣೋ.”

ಕಾಲ ಉರುಳಿತು. ಹಳೆಯ ಒಪ್ಪಂದ ಮುಗಿದು, ಹೊಸದರ ಮಾತುಕತೆ ರಬ್ಬರಿನಂತೆ ಎಳೆಯುತ್ತಾ ಹೋಯಿತು. ಮ್ಯಾನೇಜ್‌ಮೆಂಟಿನವರೂ ಯೂನಿಯನ್ ಮುಖಂಡರೂ ಹೋಟೆಲಿನ ತಣ್ಣನೆಯ ಕೋಣೆಯಲ್ಲಿ ಕೂರುವರು, ಏಳುವರು. ಸದಸ್ಯರ ಫೋನಿಗೆ ಬರುವುದು ಒಂದೇ ಸಂದೇಶ: ‘ಒಗ್ಗಟ್ಟಾಗಿರಿ.’

“ಒಗ್ಗಟ್ಟು ನಮಗೆ, ಬಿಕ್ಕಟ್ಟೂ ನಮಗೆ. ಬಿಸಿ ಕಾಫಿ ಮಾತ್ರ ಅವ್ರಿಗೆ,” ಎಂದು ವಿಶ್ರಾಂತಿ ಕೋಣೆಯಲ್ಲಿ ಒಬ್ಬ ಶೂ ಬಿಚ್ಚುತ್ತಾ ಗೊಣಗಿದ.

“ಒಳಗೇನ್ ಮಾತಾಡ್ತಿದಾರೆ ಅಂತ ನಮಗೆ ಹೇಳಲ್ಲ. ಕೋಣೆ ಗುಡಿಸೋನಿಗೆ ಗೊತ್ತಿರೋದು ನಮಗೆ ಗೊತ್ತಿಲ್ಲ!” ಎಂದ ಇನ್ನೊಬ್ಬ.

ಯೂನಿಯನ್ ಅಧ್ಯಕ್ಷ ಒಂದು ಕಾಲಕ್ಕೆ ನಿಧಾನಣ್ಣನ ಪಕ್ಕದಲ್ಲೇ ಕೂತು ಕೆಲಸ ಕಲಿತವನು. ಅವನು ಸಭೆ ಕರೆದು ಒಂದು ಉಪಾಯ ಹೇಳಿದ. ಬರುವ ಶುಕ್ರವಾರ ಎಲ್ಲರೂ ಫೋನ್ ಮಾಡಿ “ಇವತ್ತು ನನ್ನಿಂದಾಗಲ್ಲ” ಎನ್ನಬೇಕು. ಕಂಪನಿ ಮೊಣಕಾಲೂರುತ್ತದೆ.

ನಿಧಾನಣ್ಣ ಎದ್ದು ನಿಂತ. “ಮುಷ್ಕರ ಮಾಡೋಣ, ನಾನೇ ಮುಂದೆ ನಿಲ್ತೀನಿ. ಈ ಮಾತನ್ನ ಮಾತ್ರ ಮುಟ್ಬೇಡಿ. ಒಂದ್ಸಲ ಸುಳ್ಳಾದ್ರೆ ಆಮೇಲೆ ಯಾರು ನಂಬ್ತಾರೆ?”

“ಅಣ್ಣ, ನೀವು ಬೆರಳಿಟ್ಟು ನೋಡೋ ಹೊತ್ತಿಗೆ ನಾವೆಲ್ಲ ರಿಟೈರ್ ಆಗಿರ್ತೀವಿ,” ಎಂದ ಅಧ್ಯಕ್ಷ. ಸಭೆ ಗೊಳ್ಳೆಂದಿತು. ಹಿಂದಿನ ಸಾಲಿನಿಂದ ಯಾರೋ “ಕಂಪನಿ ಚಮಚ!” ಎಂದು ಕೂಗಿದರು.

ಆ ಕೂಗು ಮುಳ್ಳಿನಂತೆ ಚುಚ್ಚಿತು. ಶುಕ್ರವಾರ ಬೆಳಗ್ಗೆ, ಕಣ್ತುಂಬ ನಿದ್ದೆ ಮಾಡಿ ಎದ್ದವನು ಫೋನ್ ಎತ್ತಿ, ಎಲ್ಲರೂ ಹೇಳಿದ್ದನ್ನೇ ಹೇಳಿದ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. “ನೀವೂನಾ?” ಎಂದಳು, ಅಷ್ಟೇ.

ಕಂಪನಿ ಒಂದು ದಿನ ತತ್ತರಿಸಿತು, ಮರುದಿನ ಮೈಕೊಡವಿ ಎದ್ದಿತು. ವಾರದೊಳಗೆ ಒಪ್ಪಂದವಾಯಿತು. ಸಂಬಳ ಏರಿತು. ಬದಲಿಗೆ ಯೂನಿಯನ್ ಕೊಟ್ಟದ್ದು ಆ ಮಾತನ್ನೇ: ಇನ್ನು ಮುಂದೆ ದಣಿವೆಂದವನು ಕಂಪನಿಯ ಡಾಕ್ಟರ ಮುಂದೆ ನಿಲ್ಲಬೇಕು, ಅವರು ಹಾರಬಹುದು ಎಂದರೆ ಹಾರಲೇಬೇಕು. ಬೇಲಿ ಕಾಯಲು ಇಟ್ಟವರೇ ಬೇಲಿ ಕಿತ್ತು ಮಾರಿದ್ದರು. ವಿಶ್ರಾಂತಿ ಕೋಣೆಯಲ್ಲಿ ಬೈಗುಳವೋ ಬೈಗುಳ. ಬೈದವರೆಲ್ಲ ಹೋಗಿ ಒಪ್ಪಂದಕ್ಕೆ ಮತ ಹಾಕಿ ಬಂದರು.

ಅದಾದ ಕೆಲವೇ ದಿನಕ್ಕೆ ನಿಧಾನಣ್ಣನ ಅಪ್ಪ ಉಸಿರು ಕಟ್ಟಿ ಆಸ್ಪತ್ರೆ ಸೇರಿದ. ಮಲಗಿಸಿದರೆ ಮುದುಕನಿಗೆ ಉಸಿರಾಡಲಾಗದು. ಮಗ ರಾತ್ರಿಯಿಡೀ ಅವನ ಬೆನ್ನಿಗೆ ಎದೆಯೊಡ್ಡಿ ಕೂತೇ ಇದ್ದ. ಬೆಳಗಾದಾಗ ಗೋಡೆ ಅಲುಗಿದಂತೆ ಕಾಣುತ್ತಿತ್ತು. ಡ್ಯೂಟಿ ಆಫೀಸಿಗೆ ಫೋನ್ ಮಾಡಿ, “ಇವತ್ತು ನನ್ನಿಂದಾಗಲ್ಲ” ಎಂದ.

ಆ ಕಡೆಯ ಹುಡುಗಿ ಮೆಲ್ಲನೆ ಕೇಳಿದಳು: “ಸರ್, ನಿಜವಾಗ್ಲೂನಾ?”

ಕಂಪನಿಯ ಡಾಕ್ಟರು ನಾಡಿ ಹಿಡಿದರು, ರಕ್ತದೊತ್ತಡ ನೋಡಿದರು. “ಜ್ವರ ಇಲ್ಲ, ಏನಿಲ್ಲ. ಹೋಗ್ಬನ್ನಿ.” ನಿಧಾನಣ್ಣ ಅಧ್ಯಕ್ಷನಿಗೆ ಫೋನ್ ಮಾಡಿದ. “ಅಣ್ಣ, ಸಹಿ ಮಾಡಿದ ಮಸಿ ಇನ್ನೂ ಆರಿಲ್ಲ. ಈಗ್ಲೇ ಜಗಳ ತೆಗೀಬೇಡಿ. ಇದೊಂದ್ಸಲ ಅಡ್ಜಸ್ಟ್ ಮಾಡ್ಕೊಳ್ಳಿ,” ಎಂದ ಅಧ್ಯಕ್ಷ.

ಹೋಗದಿದ್ದರೆ ಕ್ಯಾಪ್ಟನ್ ಸೀಟು ಹೋಗುತ್ತದೆ. ಇಡೀ ಬದುಕು ಆ ಸೀಟಿನಲ್ಲೇ ಇತ್ತು. ಹೋದ.

ಪ್ರಯಾಣಿಕರು ಹತ್ತಿ ಕೂತರು. ಕೋ-ಪೈಲಟ್ ಹುಡುಗಿ ಓದತೊಡಗಿದಳು. “ಇಂಧನದ ಪಂಪು?”

“ಹಾಕಿದೆ.”

ಆಕೆ ಮುಂದೆ ಓದಲಿಲ್ಲ. “ಸರ್... ಹಾಕಿಲ್ಲ.”

ನಿಧಾನಣ್ಣ ತನ್ನ ಬೆರಳನ್ನು ನೋಡಿದ. ಅದು ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಬಾಯಿ ಬೆರಳಿಗಿಂತ ಮುಂದೆ ಓಡಿತ್ತು.

ಹೆಡ್‌ಸೆಟ್ ತೆಗೆದ. “ಫೋನ್ ಮಾಡು ತಾಯಿ, ಬೇರೆಯವ್ರನ್ನ ಕರಿ,” ಎಂದು ಎದ್ದ.

ಬಾಗಿಲ ಬಳಿ ಕೂತಿದ್ದ ಪ್ರಯಾಣಿಕನೊಬ್ಬ ಕೆಂಡವಾದ. “ಒಪ್ಪಂದ ಆಯ್ತಲ್ರೀ! ಇನ್ನೂ ಹೊಟ್ಟೆ ತುಂಬಿಲ್ವಾ ನಿಮಗೆ?”

“ದಣಿವಾಗಿದೆ ಸ್ವಾಮಿ,” ಎಂದ ನಿಧಾನಣ್ಣ.

“ಆ ಶುಕ್ರವಾರಾನೂ ಅದೇ ಹೇಳಿದ್ರಿ! ನನ್ನ ತಂಗಿ ಮದುವೆಗೆ ನಾನು ತಲುಪ್ಲೇ ಇಲ್ಲ, ಗೊತ್ತಾ?”

ನಿಧಾನಣ್ಣ ಕೈ ಮುಗಿದು ಮೆಟ್ಟಿಲಿಳಿದ.

ವಿಚಾರಣೆಯ ದಿನ ಉದ್ದನೆಯ ಮೇಜಿನ ಆಚೆ ಮೂವರು ಅಧಿಕಾರಿಗಳು, ಈಚೆ ನಿಧಾನಣ್ಣ. ಅವನ ಪಕ್ಕ, ಅವನ ಪರವಾಗಿ, ಯೂನಿಯನ್ ಅಧ್ಯಕ್ಷ.

“ಆ ಶುಕ್ರವಾರ ನಿಮಗೆ ನಿಜವಾಗಿ ದಣಿವಾಗಿತ್ತಾ?” ಎಂದರು ಅಧಿಕಾರಿ.

ಅಧ್ಯಕ್ಷ ಮೇಜಿನ ಕೆಳಗೆ ನಿಧಾನಣ್ಣನ ಕಾಲು ತುಳಿದ, ಹೌದೆನ್ನಿ, ಸಾಕು ಎಂಬಂತೆ.

“ಇಲ್ಲ. ಅವತ್ತು ಸುಳ್ಳು ಹೇಳ್ದೆ,” ಎಂದ ನಿಧಾನಣ್ಣ. “ಮೊನ್ನೆ ಹೇಳಿದ್ದು ನಿಜ.”

ಅಧಿಕಾರಿ ಪೆನ್ನು ಕೆಳಗಿಟ್ಟು ನಕ್ಕರು. “ಒಂದೇ ಬಾಯಿ, ಒಂದೇ ಮಾತು. ಯಾವುದು ಸುಳ್ಳು ಯಾವುದು ನಿಜ ಅಂತ ನಾವು ಹೇಗೆ ತಿಳ್ಕೊಳ್ಳೋದು, ಕ್ಯಾಪ್ಟನ್?”

ನಿಧಾನಣ್ಣ ಅಧ್ಯಕ್ಷನ ಕಡೆ ತಿರುಗಿದ. ಅಧ್ಯಕ್ಷ ಗಂಟಲು ಸರಿಮಾಡಿಕೊಂಡು, ಇದು ಸದಸ್ಯರ ವೈಯಕ್ತಿಕ ವಿಷಯ, ಯೂನಿಯನ್ ಹೇಳುವಂಥದ್ದೇನೂ ಇಲ್ಲ ಎಂದ.

ಕಂಪನಿಯವರು ಅವನನ್ನು “ಕ್ಯಾಪ್ಟನ್” ಎಂದು ಕರೆದದ್ದು ಅದೇ ಕೊನೆ.