ಪಟ್ಟಿಯ ಇನ್ನೊಂದು ತುದಿ

ಕಿತ್ತಳೆ ಸಿಪ್ಪೆಯಿಂದ ಎಣ್ಣೆ ತೆಗೆಯುವ ಆ ಕಾರ್ಖಾನೆಯಲ್ಲಿ ಸಿಪ್ಪೆಯಕ್ಕ ಮೂಸಿ ಸರಿ ಎನ್ನದೆ ಒಂದು ಡ್ರಮ್ಮೂ ಗೇಟು ದಾಟುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅದೇ ಕಿಟಕಿಯಿಲ್ಲದ ಕೋಣೆ, ಅದೇ ಕುರ್ಚಿ, ಅದೇ ಚುಚ್ಚುವ ನಾಲಿಗೆ. ಕೆಲಸದ ದಿನ ಅವಳು ಹಣ್ಣು ಮುಟ್ಟುತ್ತಿರಲಿಲ್ಲ, ವಾಸನೆಯ ಸೋಪು ಹಚ್ಚುತ್ತಿರಲಿಲ್ಲ. ಸೆಂಟು ಬಳಿದುಕೊಂಡು ಬಂದವರನ್ನು ಬಾಗಿಲಲ್ಲೇ ಅಟ್ಟುತ್ತಿದ್ದಳು. ಅವಳನ್ನು ಕಂಡರೆ ಎಲ್ಲರಿಗೂ ಅಷ್ಟಕ್ಕಷ್ಟೇ, ಅವಳಿಗೂ ಎಲ್ಲರೂ ಅಷ್ಟಕ್ಕಷ್ಟೇ.

ಅದರಲ್ಲೂ ತಂಗಿಯ ಗಂಡನನ್ನು ಕಂಡರೆ ಮೈಯೆಲ್ಲ ಉರಿ. ಮಾಲೀಕರ ಕೈಕಾಲು ಹಿಡಿದು ಅವನನ್ನು ಉಗ್ರಾಣಕ್ಕೂ ತಂಗಿಯನ್ನು ಹಣ್ಣು ವಿಂಗಡಿಸುವಲ್ಲಿಗೂ ಸೇರಿಸಿದವಳು ಇವಳೇ. ವರ್ಷ ತುಂಬುವಷ್ಟರಲ್ಲಿ ಆ ಮಹಾಶಯ ಅತ್ತಿಗೆಯ ಕುರ್ಚಿಯ ಮೇಲೇ ಕಣ್ಣು ಹಾಕಿದ್ದ. ಅತ್ತಿಗೆಯ ಮೂಗಿಗೆ ವಯಸ್ಸಾಯಿತು ಎಂದು ಮಾಲೀಕರ ಕಿವಿ ಊದುತ್ತಿದ್ದ.

ಅವನ ಉಗ್ರಾಣದಲ್ಲೇ ಹನ್ನೆರಡು ಡ್ರಮ್ಮುಗಳು ಅರ್ಧ ತುಂಬಿ, ಮುಚ್ಚಳ ಸಡಿಲಾಗಿ, ಬಾಯ್ಲರ್ ಪಕ್ಕ ವಾರಗಟ್ಟಲೆ ಬಿದ್ದಿದ್ದವು. ಸಿಪ್ಪೆ ಎಣ್ಣೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಲಿಮೊನೀನ್ ಎಂಬ ರಾಸಾಯನಿಕ. ಬಿಸಿಯಲ್ಲಿ ಗಾಳಿ ತಾಗಿದರೆ ಅದು ಕೆಟ್ಟು, ಪೇಂಟಿಗೆ ಬೆರೆಸುವ ಟರ್ಪೆಂಟೈನಿನಂತೆ ನಾರುತ್ತದೆ. ಲಾರಿ ಹೊರಡುವ ಮಧ್ಯಾಹ್ನ ಅವನೇ ಎಣ್ಣೆಯಲ್ಲಿ ಕಾಗದದ ಪಟ್ಟಿ ಅದ್ದಿ ತಂದು ಕೊಟ್ಟ. ಮೂಸಿದರೆ ಈಗಷ್ಟೇ ಸುಲಿದ ಹಣ್ಣಿನ ಘಮ. ಹಳೇ ಎಣ್ಣೆಗೆ ಇಷ್ಟು ಹಸಿ ವಾಸನೆ ಎಲ್ಲಿಂದ ಬಂತು ಎಂದು ಸಿಪ್ಪೆಯಕ್ಕನಿಗೆ ಅನುಮಾನ ಹುಟ್ಟಿತು.

ಹಸಿ ಸಿಪ್ಪೆಯ ಆ ಚುರುಕು ವಾಸನೆ ಬೇಗ ಹಾರಿಹೋಗುತ್ತದೆ, ನಿಜವಾದದ್ದು ಆಮೇಲೆ ಉಳಿಯುತ್ತದೆ. ಅದಕ್ಕೇ ಅನುಮಾನ ಬಂದಾಗ ಅವಳು ಪಟ್ಟಿಯನ್ನು ಕತ್ತಲೆ ಕಪಾಟಿನಲ್ಲಿಟ್ಟು ಮರುದಿನ ಬೆಳಗ್ಗೆ ಮತ್ತೆ ಮೂಸದೆ ಸಹಿ ಹಾಕುತ್ತಿರಲಿಲ್ಲ. ಲಾರಿ ನಿಂತಿತು. ಮಾಲೀಕರು ರೇಗಿದರು.

"ಬೆಳಗ್ಗೆ ಏನೂ ಸಿಗ್ಲಿಲ್ಲ ಅಂದ್ರೆ ಆ ಕುರ್ಚಿ ಬಿಟ್ಬಿಡಿ."

ಬೆಳಗ್ಗೆ ಪಟ್ಟಿಯ ಅದ್ದಿದ ತುದಿ ಟರ್ಪೆಂಟೈನ್ ನಾರುತ್ತಿತ್ತು. ಕೈಯಲ್ಲಿ ಹಿಡಿಯುವ ಇನ್ನೊಂದು ತುದಿಯಲ್ಲಿ ಒಂದು ಹೆಬ್ಬೆರಳ ಗುರುತಿತ್ತು, ಅಚ್ಚ ಕಿತ್ತಳೆ ಬಣ್ಣದ್ದು. ನಾತ ಮುಚ್ಚಲು ಪಟ್ಟಿಯ ಮೇಲೆ ಹಸಿ ಸಿಪ್ಪೆ ಹಿಂಡಿದ್ದರು; ಹಿಂಡಿದ ಕೈಗೆ ಎಣ್ಣೆಯ ಜೊತೆ ಬಣ್ಣವೂ ಅಂಟುತ್ತದೆ. ಬೆಳಕಿಗಿಟ್ಟಿದ್ದರೆ ಮಾಸಿಹೋಗುತ್ತಿತ್ತು, ಕಪಾಟಿನ ಕತ್ತಲೆ ಅದನ್ನು ಹಾಗೇ ಉಳಿಸಿತ್ತು. ಸಿಕ್ಕಿಬಿದ್ದ ಕಳ್ಳ ಎಂದು ಸಿಪ್ಪೆಯಕ್ಕ ಒಳಗೊಳಗೇ ಹಿಗ್ಗಿದಳು.

ಮಾಲೀಕರ ಕೋಣೆಗೆ ಹೊರಟವಳನ್ನು ತಂಗಿ ಓಣಿಯಲ್ಲೇ ತಡೆದು ಕೈ ಹಿಡಿದುಕೊಂಡಳು.

"ಅಕ್ಕ, ಅದನ್ನ ಹರಿದು ಹಾಕು. ನನ್ನ ಮುಖ ನೋಡಿಯಾದ್ರೂ."

ಸಿಪ್ಪೆಯಕ್ಕ ನೋಡಿದ್ದು ಮುಖವನ್ನಲ್ಲ, ಹೆಬ್ಬೆರಳನ್ನು. ಅದಕ್ಕೆ ಅಡ್ಡಲಾಗಿ ಹಳೆಯ ಗಾಯದ ಗೆರೆ. ಚಿಕ್ಕಂದಿನಲ್ಲಿ ಇಬ್ಬರೂ ಒಂದು ಹಣ್ಣಿಗೆ ಕಿತ್ತಾಡಿದಾಗ ಚಾಕು ಅಕ್ಕನ ಕೈಯಲ್ಲಿತ್ತು. ಪಟ್ಟಿಯ ಗುರುತಿನ ನಡುವೆಯೂ ಅದೇ ಬಿಳಿ ಗೆರೆ ಇತ್ತು.

"ನೀನಾ?"

"ಇಪ್ಪತ್ತೆರಡು ವರ್ಷ ಆ ಕುರ್ಚೀಲಿ ಕೂತಿದ್ದೀಯಲ್ಲ, ಸಾಲ್ದಾ?" ಎಂದಳು ತಂಗಿ. ಕೈ ಮಾತ್ರ ಬಿಡಲಿಲ್ಲ.

ಸಿಪ್ಪೆಯಕ್ಕ ಕೈ ಕೊಡವಿಕೊಂಡು ಒಳಗೆ ಹೋಗಿ ಪಟ್ಟಿಯನ್ನು ಮೇಜಿನ ಮೇಲಿಟ್ಟಳು. ಇದು ನಿಮ್ಮ ತಂಗಿಯ ಗಂಡನ ಕಿತಾಪತಿ ತಾನೇ ಎಂದು ಮಾಲೀಕರು ಕೇಳಿದರು. ಹೌದು ಎಂದಿದ್ದರೆ ಒಬ್ಬನ ಕೆಲಸ ಹೋಗುತ್ತಿತ್ತು, ತಂಗಿಯ ಕೆಲಸ ಉಳಿಯುತ್ತಿತ್ತು. ಬಾಗಿಲಾಚೆ ತಂಗಿ ನಿಂತೇ ಇದ್ದಳು.

"ಎಣ್ಣೆ ಕೆಡಿಸಿದ್ದು ಅವನು," ಎಂದಳು ಸಿಪ್ಪೆಯಕ್ಕ. "ಬೆರಳು ನನ್ನ ತಂಗೀದು."